ಕಲಾತಪಸ್ವಿ ವೆಂಕಟಪ್ಪ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಉಪಾಧ್ಯಾಯನಾಗಿದ್ದ ಕಾಲದ ಮಾತಿದು. ಒಂದು ಶನಿವಾರ ಬೆಳಗ್ಗೆ ನಮ್ಮ ಡ್ರಾಯಿಂಗ್ ಮೇಷ್ಟರು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೊಸದೊಂದು ಬಗೆಯ ಚಿತ್ರರಚನೆಯನ್ನು ಹೇಳಿಕೊಡುತ್ತಿದ್ದರು. ಮಕ್ಕಳು ದಪ್ಪ ಕಾಗದದ ಮೇಲೆ ಮೇಣದ ಬಣ್ಣವನ್ನು ಒತ್ತಿ ಒತ್ತಿ ಬಳಿದರು. ಅದರ ಮೇಲೆ, ಚೂರು ಸಾಬೂನು ಕದಡಿದ ಕಪ್ಪು ಮಸಿಯನ್ನು ಹಚ್ಚಿ ಒಣಗಲು ಬಿಟ್ಟರು. ಹಾಳೆಯೆಲ್ಲ ಅಮಾವಾಸ್ಯೆಯ ರಾತ್ರಿಯಂತೆ ಕಪ್ಪಾಯಿತು. ಅನಂತರ ಕೈವಾರದ ಮುಳ್ಳನ್ನು ಹಿಡಿದು ಆ ಕಪ್ಪಿನ ಮೇಲೆ ಗೀರತೊಡಗಿದರು. ಮುಳ್ಳು ಹೋದ ದಾರಿಯಲ್ಲೆಲ್ಲ ಕಪ್ಪು ಸರಿದು, ಕೆಳಗಿನ ಬಣ್ಣ ಮಿಂಚಿನ ಎಳೆಯಂತೆ ಹೊಳೆಯಿತು. ಮಕ್ಕಳ ಸಂತೋಷಕ್ಕೆ ಮೇರೆಯಿರಲಿಲ್ಲ.

ಅವರಲ್ಲಿ ಕೆಂಗೇರಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೆರೆಯ ಅಂಚಿನಲ್ಲಿ ನಿಂತ ಕೊಕ್ಕರೆಯನ್ನು ಗೀರುತ್ತಿದ್ದಳು. ತರಗತಿಯಲ್ಲಿ ಚಿತ್ರಕ್ಕೆ ಅವಳದೇ ಮೊದಲ ಸ್ಥಾನ. ಆದರೆ ಅಂದು ಅವಳ ಕೈ ಸ್ವಲ್ಪ ಜಾರಿತು. ಕೊಕ್ಕರೆಯ ಕೊಕ್ಕಿನಿಂದ ಹೊರಟ ಗೆರೆ ಹಾಳೆಯ ನಡುವೆ ಹರಿದುಹೋಯಿತು. ರಬ್ಬರಿನಿಂದ ಅಳಿಸಿದರೆ ಆ ಗೆರೆ ಹೋಗುವಂತಿರಲಿಲ್ಲ. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನು ಮುಂದೆ ಪೆನ್ಸಿಲಿನಲ್ಲಿ ಮಾತ್ರ ಬರೆಯುವೆನೆಂದು ಹಟ ಹಿಡಿದಳು. ತನಗೆ ಚೆನ್ನಾಗಿ ಬರುವುದನ್ನು ಬಿಟ್ಟು, ಬಾರದುದಕ್ಕೆ ಕೈಹಾಕಿ ಎಲ್ಲರೆದುರು ಸೋಲುವುದು ಅವಳಿಗೆ ಸಹಿಸದಾಯಿತು. ಅವಳನ್ನು ಸಮಾಧಾನಪಡಿಸಲು ಅಂದು ನಾನು ಹೇಳಿದ್ದು ಮೈಸೂರಿನ ವೆಂಕಟಪ್ಪನವರ ಕಥೆ. ಕೈಗೂಡಿದ ವಿದ್ಯೆಯ ನೆರಳಿನಲ್ಲಿ ಸುಖವಾಗಿ ಕೂಡದೆ, ಮತ್ತೆ ಮತ್ತೆ ಹೊಸ ಮಾಧ್ಯಮದ ಮುಂದೆ ಎಳೆಯ ವಿದ್ಯಾರ್ಥಿಯಂತೆ ಕುಳಿತ ಆ ಮಹಾಕಲಾವಿದರ ಜೀವನವನ್ನು ನೀವೂ ಅರಿಯುವುದು ಒಳ್ಳೆಯದು.

ಅದಕ್ಕೆ ಮೊದಲು, ಗೀರಿ ಬರೆಯುವ ಈ ಕಲೆಯ ವಿಚಾರವಾಗಿ ಎರಡು ಮಾತು. ಚಿತ್ರಕಾರರು ಇದಕ್ಕೆ ಬಳಸುವ ಹಲಗೆಯನ್ನು ಸ್ಕ್ರ್ಯಾಚ್ ಬೋರ್ಡ್ ಎಂದು ಕರೆಯುತ್ತಾರೆ. ಗಟ್ಟಿ ರಟ್ಟಿನ ಮೇಲೆ ನಯವಾದ ಬಿಳಿಯ ಜೇಡಿಯ ಲೇಪ, ಅದರ ಮೇಲೆ ಕಪ್ಪು ಮಸಿಯ ತೆಳುವಾದ ಪದರ. ಹರಿತವಾದ ಮೊನೆಯಿಂದ ಕಪ್ಪನ್ನು ಕೆರೆದಂತೆ ಬಿಳಿಯ ಗೆರೆಗಳು ಮೂಡುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಇದು ಬಳಕೆಗೆ ಬಂದಿತು. ಆ ಕಾಲದ ಪತ್ರಿಕೆಗಳಿಗೆ ಬೇಕಾದ ಚಿತ್ರಗಳನ್ನು ಮೊದಲು ಮರದ ಅಚ್ಚುಗಳಲ್ಲಿ ಕೆತ್ತುತ್ತಿದ್ದರು. ಅದು ಬಹು ಶ್ರಮದ, ಬಹು ಕಾಲ ಹಿಡಿಯುವ ಕೆಲಸ. ಕೆತ್ತನೆಯ ಚಿತ್ರದಂತೆಯೇ ಸ್ಪಷ್ಟವಾಗಿ ಅಚ್ಚಾಗುವ ಗೆರೆಗಳನ್ನು ಬೇಗನೆ ಪಡೆಯಲು ಈ ಹಲಗೆ ನೆರವಾಯಿತು. ಸಾಮಾನ್ಯವಾಗಿ ಚಿತ್ರಕಾರನು ಬಿಳಿಯ ಹಾಳೆಯ ಮೇಲೆ ಕಪ್ಪನ್ನು ಇಡುತ್ತ ಹೋಗುತ್ತಾನೆ, ಅಂದರೆ ನೆರಳನ್ನು ಬರೆಯುತ್ತಾನೆ. ಇಲ್ಲಿಯಾದರೋ ಕತ್ತಲೆ ಮೊದಲೇ ತುಂಬಿರುತ್ತದೆ. ಅವನು ಬೆಳಕನ್ನು ಬರೆಯಬೇಕು. ಆದುದರಿಂದ ಪೆನ್ಸಿಲಿನಲ್ಲಿ ಪಳಗಿದ ಕೈ ಕೂಡ ಇಲ್ಲಿ ಎಲ್ಲವನ್ನೂ ತಲೆಕೆಳಗಾಗಿ ಯೋಚಿಸಬೇಕಾಗುತ್ತದೆ.

ಇಂಥ ಕಲೆ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮೇಲೆ ಮಸಿಯನ್ನು ಸವರಿ ಒರೆಸುತ್ತಿದ್ದರು. ಗೀರಿನೊಳಗೆ ಉಳಿದ ಮಸಿಯೇ ಅಕ್ಷರವಾಗಿ ಕಾಣುತ್ತಿತ್ತು. ಉತ್ತರ ಕನ್ನಡದ ಕರಾವಳಿಯ ಹಳೆಯ ದೇವಾಲಯಗಳ ಗೋಡೆಗಳ ಮೇಲೆ ಕಾವಿ ಕಲೆಯೆಂಬ ಸೊಗಸಾದ ಚಿತ್ರಗಾರಿಕೆಯುಂಟು. ಸುಣ್ಣದ ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನಚಾದ ಉಪಕರಣದಿಂದ ಕೆರೆದು, ಕೆಂಪಿನ ನಡುವೆ ಬಿಳಿಯ ಬಳ್ಳಿಗಳನ್ನೂ ಹಕ್ಕಿಗಳನ್ನೂ ದೇವತೆಗಳನ್ನೂ ಮೂಡಿಸುತ್ತಿದ್ದರು. ಇಲ್ಲಿಯೂ ಅಳಿಸುವ ಅವಕಾಶವಿಲ್ಲ. ಕೈ ಇಡುವುದಕ್ಕೆ ಮೊದಲೇ ಮನಸ್ಸಿನಲ್ಲಿ ಚಿತ್ರ ಪೂರ್ಣವಾಗಿರಬೇಕು. ಈ ಶಿಸ್ತನ್ನು ಬಾಳಿನುದ್ದಕ್ಕೂ ಪಾಲಿಸಿದವರು ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರದು ಚಿತ್ರಗಾರರ ಮನೆತನ. ತಂದೆ ಕೃಷ್ಣಪ್ಪನವರು ಅರಮನೆಯ ಚಿತ್ರಕಾರರಾಗಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಿಂದ ಬೆಳೆದುಬಂದ ಮೈಸೂರು ಸಂಪ್ರದಾಯದ ಚಿತ್ರಕಲೆ ಆ ಮನೆಯ ಉಸಿರಾಗಿತ್ತು. ಇತರ ಮಕ್ಕಳು ಚಿನ್ನಿಕೋಲು ಹಿಡಿಯುವ ವಯಸ್ಸಿನಲ್ಲಿ ಅಂಥ ಮನೆಗಳ ಮಕ್ಕಳು ಹುಣಿಸೆಯ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡುವುದನ್ನೂ, ಬಣ್ಣ ಅರೆಯುವುದನ್ನೂ, ಅಳಿಲಿನ ಕೂದಲಿನಿಂದ ಕುಂಚ ಕಟ್ಟುವುದನ್ನೂ ಕಲಿಯುತ್ತಿದ್ದರು.

ಮೈಸೂರು ಚಿತ್ರಗಳಲ್ಲಿ ಒಂದು ವಿಶೇಷವುಂಟು. ದೇವತೆಗಳ ಆಭರಣ, ಕಿರೀಟ, ಪೀಠ, ಮಂಟಪಗಳು ಹಲಗೆಯ ಮೇಲೆ ಕೊಂಚ ಉಬ್ಬಿಕೊಂಡಿರುತ್ತವೆ. ಸಫೇದದ ಪುಡಿಯನ್ನೂ ಮಕ್ಕಿಯನ್ನೂ ಅಂಟಿನೊಡನೆ ಅರೆದು, ಕುಂಚದಿಂದ ಪದರಪದರವಾಗಿ ಇಟ್ಟು ಆ ಉಬ್ಬನ್ನು ತರುತ್ತಾರೆ. ಅದರ ಮೇಲೆ ಚಿನ್ನದ ತೆಳುವಾದ ರೇಕನ್ನು ಅಂಟಿಸುತ್ತಾರೆ. ದೀಪದ ಬೆಳಕು ಬಿದ್ದಾಗ ಆ ಸಣ್ಣ ಉಬ್ಬುಗಳು ಮಿನುಗಿ, ದೇವರ ಮೈಮೇಲೆ ನಿಜವಾಗಿ ಒಡವೆ ಇಟ್ಟಂತೆ ಭಾಸವಾಗುತ್ತದೆ. ಉಗುರಿನಷ್ಟೂ ದಪ್ಪವಿಲ್ಲದ ಉಬ್ಬಿನಿಂದ ಬೆಳಕನ್ನು ಹಿಡಿಯುವ ಈ ಗುಟ್ಟು ವೆಂಕಟಪ್ಪನವರಿಗೆ ಹುಟ್ಟಿನಿಂದಲೇ ಬಂದ ಆಸ್ತಿ. ಮುಂದೆ ನಡುವಯಸ್ಸಿನಲ್ಲಿ ಅದು ಬೇರೊಂದು ರೂಪದಲ್ಲಿ ಅವರ ಕೈಗೆ ಬಂದುದನ್ನು ನಾವು ನೋಡಲಿದ್ದೇವೆ.

ಹುಡುಗನ ಕೈಯಲ್ಲಿದ್ದ ಪ್ರತಿಭೆ ಅರಮನೆಯ ಗಮನಕ್ಕೆ ಬಂದಿತು. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಕಲೆ ಮತ್ತು ಸಂಗೀತಗಳಲ್ಲಿ ಅವರಿಗಿದ್ದ ಆದರ ಲೋಕವಿದಿತವಾದುದು. 1897ರಲ್ಲಿ ಬೆಂಕಿಗೆ ಆಹುತಿಯಾದ ಹಳೆಯ ಅರಮನೆಯ ಸ್ಥಾನದಲ್ಲಿ ಹೊಸ ಅರಮನೆ ಏಳುತ್ತಿದ್ದ ಕಾಲವದು. ನಾಡಿನ ಶಿಲ್ಪಿಗಳು, ಚಿತ್ರಕಾರರು, ಬಡಗಿಗಳು ಅಲ್ಲಿ ನೆರೆದಿದ್ದರು. ಮಹಾರಾಜರು ವೆಂಕಟಪ್ಪನವರ ಉನ್ನತ ವ್ಯಾಸಂಗಕ್ಕೆ ನೆರವು ನೀಡಿ, 1909ರಲ್ಲಿ ಅವರನ್ನು ಕಲ್ಕತ್ತೆಯ ಸರಕಾರಿ ಕಲಾಶಾಲೆಗೆ ಕಳುಹಿಸಿಕೊಟ್ಟರು. ಆಗ ಅವರಿಗೆ ಇಪ್ಪತ್ತಮೂರು ವರ್ಷ ವಯಸ್ಸು. ಮನೆತನದ ವಿದ್ಯೆ ಆಗಲೇ ಕೈವಶವಾಗಿತ್ತು. ಊರಿನಲ್ಲಿಯೇ ಉಳಿದಿದ್ದರೆ ತಂದೆಯಂತೆ ಅರಮನೆಯ ಆಶ್ರಯದಲ್ಲಿ ನಿಶ್ಚಿಂತೆಯಿಂದ ಬಾಳಬಹುದಾಗಿತ್ತು. ಭಾಷೆಯರಿಯದ, ಊಟ ಉಡಿಗೆಗಳು ಬೇರೆಯಾದ ದೂರದ ನಗರಕ್ಕೆ ಹೋಗಿ, ಬಲ್ಲ ವಿದ್ಯೆಯನ್ನು ಬದಿಗಿಟ್ಟು ಬಾರದ ವಿದ್ಯೆಯನ್ನು ಕಲಿಯಲು ಅವರು ಒಪ್ಪಿದರು.

ಕಲ್ಕತ್ತೆಯ ಕಲಾಶಾಲೆಯಲ್ಲಿ ಆಗ ಪರ್ಸಿ ಬ್ರೌನ್ ಅವರು ಮುಖ್ಯಸ್ಥರಾಗಿದ್ದರು. ರವೀಂದ್ರನಾಥ ಠಾಕೂರರ ಬಂಧುಗಳಾದ ಅವನೀಂದ್ರನಾಥ ಠಾಕೂರರು ಅಲ್ಲಿ ಗುರುಗಳಾಗಿದ್ದರು. ಪಾಶ್ಚಾತ್ಯ ಚಿತ್ರಗಳ ಕುರುಡು ಅನುಕರಣೆಯನ್ನು ಬಿಟ್ಟು, ಅಜಂತೆಯ ಗುಹೆಗಳಿಂದಲೂ ಮೊಗಲರ ಮತ್ತು ರಜಪೂತರ ಕಿರುಚಿತ್ರಗಳಿಂದಲೂ ಸ್ಫೂರ್ತಿ ಪಡೆದು ಭಾರತೀಯ ಚಿತ್ರಕಲೆಗೆ ಹೊಸ ಜೀವವನ್ನು ತುಂಬಬೇಕೆಂಬುದು ಅವನೀಂದ್ರನಾಥರ ಹಂಬಲ. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದ ಶಿಷ್ಯರು ಅವರ ಸುತ್ತ ನೆರೆದಿದ್ದರು. ಕನ್ನಡ ನಾಡಿನಿಂದ ಹೋದ ವೆಂಕಟಪ್ಪನವರು ಆ ಬಳಗದಲ್ಲಿ ಒಬ್ಬರಾದರು.

ಅಲ್ಲಿ ಅವರಿಗೆ ಎದುರಾದ ಮೊದಲ ಹೊಸ ಮಾಧ್ಯಮವೆಂದರೆ ವಾಷ್ ಎಂಬ ನೀರುಬಣ್ಣದ ಪದ್ಧತಿ. ಅವನೀಂದ್ರನಾಥರು ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರ ಕ್ರಮವನ್ನು ಕಂಡು, ಅದನ್ನು ತಮ್ಮದಾಗಿ ರೂಪಿಸಿಕೊಂಡಿದ್ದರು. ಕಾಗದದ ಮೇಲೆ ತಿಳಿಯಾಗಿ ಬಣ್ಣವನ್ನು ಹಚ್ಚಿ, ಒಣಗಿದ ಮೇಲೆ ಇಡೀ ಹಾಳೆಯನ್ನು ನೀರಿನಲ್ಲಿ ತೋಯಿಸಬೇಕು. ಅಂಟದ ಬಣ್ಣ ತೊಳೆದುಹೋಗಿ, ಉಳಿದುದು ಕಾಗದದೊಳಕ್ಕೆ ಇಳಿಯುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಹಲವು ಸಲ ಮಾಡಿದ ಮೇಲೆ ಚಿತ್ರಕ್ಕೆ ಮಂಜು ಮುಸುಕಿದ ಮುಂಜಾವಿನ ಮೃದುತ್ವ ಬರುತ್ತದೆ. ಚಿನ್ನದ ರೇಕಿನ ಹೊಳಪಿನಲ್ಲಿ, ಖಚಿತವಾದ ಗೆರೆಗಳಲ್ಲಿ ಬೆಳೆದ ಮೈಸೂರಿನ ಕೈಗೆ ಇದು ತದ್ವಿರುದ್ಧವಾದ ದಾರಿ. ವೆಂಕಟಪ್ಪನವರು ಇದನ್ನು ಶ್ರದ್ಧೆಯಿಂದ ಕಲಿತರು. ಆದರೆ ತಮ್ಮ ಮನೆತನದಿಂದ ಬಂದ ಗೆರೆಯ ಬಿಗಿಯನ್ನೂ ಸೂಕ್ಷ್ಮವಾದ ಕುಸುರಿಯನ್ನೂ ಬಿಟ್ಟುಕೊಡಲಿಲ್ಲ. ಗುರುವಿನ ಮೃದುತ್ವಕ್ಕೆ ಶಿಷ್ಯನ ಖಚಿತತೆ ಸೇರಿದುದರಿಂದ ಅವರ ಚಿತ್ರಗಳು ಇತರರ ಚಿತ್ರಗಳ ನಡುವೆ ಬೇರೆಯಾಗಿ ಎದ್ದುಕಂಡವು.

ಬಹುಬೇಗನೆ ವಿದ್ಯಾರ್ಥಿಯ ಹೆಸರು ದೇಶದ ಎಲ್ಲೆಯನ್ನು ದಾಟಿತು. ಸೋದರಿ ನಿವೇದಿತೆ ಆರಂಭಿಸಿ, ಆಕೆಯ ಮರಣಾನಂತರ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವೊಂದು 1913ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರಗಳನ್ನು ಬರೆದವರು ಅವನೀಂದ್ರನಾಥರೂ ಅವರ ಶಿಷ್ಯವರ್ಗದವರೂ. ರಾಮಾಯಣದ ಪ್ರಸಂಗಗಳನ್ನು ಚಿತ್ರಿಸುವ ಭಾಗ್ಯ ವೆಂಕಟಪ್ಪನವರಿಗೆ ಒದಗಿತು. ಮರುವರ್ಷ, ಅಂದರೆ 1914ರಲ್ಲಿ, ಭಾರತೀಯ ಕಲೆಯಲ್ಲಿ ಮನುಷ್ಯ ಶರೀರದ ಪ್ರಮಾಣಗಳನ್ನು ಕುರಿತು ಅವನೀಂದ್ರನಾಥರು ಬರೆದ ಪುಸ್ತಕ ಹೊರಬಂದಾಗ, ಅದರ ರೇಖಾಚಿತ್ರಗಳನ್ನು ನಂದಲಾಲರೂ ವೆಂಕಟಪ್ಪನವರೂ ರಚಿಸಿಕೊಟ್ಟರು. ಗುರು ತನ್ನ ಶಾಸ್ತ್ರಕ್ಕೆ ಲಕ್ಷ್ಯವನ್ನು ಒದಗಿಸುವ ಕೆಲಸವನ್ನು ಶಿಷ್ಯನಿಗೆ ವಹಿಸುವುದಕ್ಕಿಂತ ಹೆಚ್ಚಿನ ಮನ್ನಣೆ ಯಾವುದಿದ್ದೀತು!

1916ರ ಸುಮಾರಿಗೆ ವೆಂಕಟಪ್ಪನವರು ತಾಯ್ನಾಡಿಗೆ ಮರಳಿದರು. ಕೀರ್ತಿ ಜೊತೆಯಲ್ಲಿತ್ತು. ಕಲಿತ ಒಂದೇ ಪದ್ಧತಿಯಲ್ಲಿ ವರ್ಷಕ್ಕೆ ಹತ್ತಾರು ಚಿತ್ರಗಳನ್ನು ಬರೆದು ಮಾರಿದ್ದರೆ ಹಣಕ್ಕೂ ಕೊರತೆಯಾಗುತ್ತಿರಲಿಲ್ಲ. ಆದರೆ ಅವರ ಸ್ವಭಾವ ಬೇರೆ. ಒಂದು ಚಿತ್ರವನ್ನು ಹಿಡಿದರೆ ಅದು ತಮ್ಮ ಮನಸ್ಸಿಗೆ ಒಪ್ಪುವವರೆಗೆ ಕೆಳಗಿಡುತ್ತಿರಲಿಲ್ಲ. ಬಣ್ಣಗಳನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವ ಸುಲಭಮಾರ್ಗ ಅವರಿಗೆ ರುಚಿಸುತ್ತಿರಲಿಲ್ಲ. ಅವರು ಮದುವೆಯಾಗಲಿಲ್ಲ. ನಿಯಮನಿಷ್ಠೆಯ ಒಂಟಿ ಬದುಕನ್ನು ಆರಿಸಿಕೊಂಡರು. ತಮ್ಮ ದಿನಚರಿಯನ್ನು ಬರೆದಿಡುವ ಅಭ್ಯಾಸವನ್ನು ಇಟ್ಟುಕೊಂಡಿದ್ದರು. ಕಲೆಯ ಹೊರತು ಬೇರೆ ಸಂಸಾರ ಅವರಿಗೆ ಇರಲಿಲ್ಲ.

ಅವರು ಕೈಗೂಡಿಸಿಕೊಂಡ ಮತ್ತೊಂದು ಕಠಿಣವಾದ ಮಾಧ್ಯಮ ದಂತಫಲಕದ ಮೇಲಿನ ಕಿರುಚಿತ್ರ. ಆನೆಯ ದಂತದಿಂದ ತೆಗೆದ ತೆಳುವಾದ ಬಿಲ್ಲೆ ಕಾಗದದಂತೆ ನೀರನ್ನು ಹೀರುವುದಿಲ್ಲ. ಅದರ ಮೇಲೆ ಬಣ್ಣ ಜಾರುತ್ತದೆ. ಆದುದರಿಂದ ಅತಿ ಸಣ್ಣ ಕುಂಚದಿಂದ ಚುಕ್ಕೆಗೆ ಚುಕ್ಕೆ, ಎಳೆಗೆ ಎಳೆ ಸೇರಿಸುತ್ತ ಮುಖದ ಕಾಂತಿಯನ್ನು ಬಿಡಿಸಬೇಕಾಗುತ್ತದೆ. ಬಣ್ಣ ಹೆಚ್ಚಾದ ಕಡೆ ದಂತಚಿತ್ರಕಾರರು ಸೂಜಿಯ ಮೊನೆಯಿಂದ ಮೆಲ್ಲಗೆ ಕೆರೆದು, ಕೆಳಗಿನ ದಂತದ ಬಿಳುಪನ್ನು ಹೊರತರುವುದುಂಟು. ನಮ್ಮ ಮಕ್ಕಳು ಕಪ್ಪು ಹಾಳೆಯ ಮೇಲೆ ಮಾಡಿದ ಕೆಲಸದ ಸೂಕ್ಷ್ಮರೂಪವೇ ಇದು. ಅಂಗೈಯಗಲದ ಬಿಲ್ಲೆಯಲ್ಲಿ ಮನುಷ್ಯನ ಮುಖಭಾವವನ್ನು ಸೆರೆಹಿಡಿಯಲು ಕಣ್ಣಿಗೂ ಕೈಗೂ ಎಷ್ಟು ತಾಳ್ಮೆ ಬೇಕೆಂಬುದನ್ನು ಮಾಡಿದವರೇ ಬಲ್ಲರು.

ಇನ್ನೊಂದು ಕಡೆ ಅವರ ದೃಷ್ಟಿ ನಿಸರ್ಗದ ಕಡೆಗೂ ತಿರುಗಿತು. 1926ರಲ್ಲಿ ಅವರು ನೀಲಗಿರಿಯ ಊಟಿಗೆ ಹೋಗಿ ಅಲ್ಲಿನ ಕೆರೆ, ಬೆಟ್ಟ, ಮುಗಿಲು, ಬೆಳದಿಂಗಳುಗಳನ್ನು ನೀರುಬಣ್ಣದಲ್ಲಿ ಚಿತ್ರಿಸಿದರು. ಮುಂದೆ ಕೊಡೈಕೆನಾಲಿನ ದೃಶ್ಯಗಳೂ ಅವರ ಕುಂಚದಲ್ಲಿ ಮೂಡಿದವು. ಪುರಾಣದ ಕಥೆಗಳನ್ನು ಬರೆದು ಹೆಸರಾಗಿದ್ದ ಕಲಾವಿದ ಈಗ ಕಥೆಯಿಲ್ಲದ, ಮನುಷ್ಯರಿಲ್ಲದ ಬರಿಯ ಬೆಟ್ಟವನ್ನೂ ಬೆಳಕನ್ನೂ ಎದುರಿಸಬೇಕಾಯಿತು. ತಿಳಿಯಾದ ನೀರುಬಣ್ಣದಲ್ಲಿ ಬಿಳುಪನ್ನು ಮೇಲಿನಿಂದ ಬಳಿಯುವಂತಿಲ್ಲ. ಕಾಗದದ ಬಿಳುಪನ್ನು ಮುಟ್ಟದೆ ಉಳಿಸಿಕೊಂಡು, ಅದನ್ನೇ ಬೆಳಕಾಗಿಸಬೇಕು. ಎಲ್ಲಿ ಬಣ್ಣ ಇಡಬಾರದೆಂಬುದನ್ನು ಮೊದಲೇ ನಿಶ್ಚಯಿಸಿದವನಿಗೆ ಮಾತ್ರ ಇದು ಸಾಧ್ಯ. ಊಟಿಯ ಈ ಚಿತ್ರಗಳು ಅವರ ಅತ್ಯುತ್ತಮ ಕೃತಿಗಳಲ್ಲಿ ಸೇರುತ್ತವೆ.

ಅವರ ಜೀವನದ ಬಹು ವಿಚಿತ್ರವಾದ ತಿರುವು ಸಂಗೀತದ್ದು. ಹೆಸರುವಾಸಿಯಾದ ಚಿತ್ರಕಾರರಾಗಿದ್ದ ವೆಂಕಟಪ್ಪನವರಿಗೆ ವೀಣೆಯ ಮೋಹ ಹಿಡಿಯಿತು. ಮೈಸೂರಿನ ವೀಣೆಯ ಶೇಷಣ್ಣನವರು ಆ ಕಾಲದ ವೈಣಿಕರಲ್ಲಿ ಅಗ್ರಗಣ್ಯರು. ಅವರ ಪಾದಮೂಲದಲ್ಲಿ ಕುಳಿತು ವೆಂಕಟಪ್ಪನವರು ಸರಳೆವರಸೆಯ ಬಾಲಕನಂತೆ ಅಭ್ಯಾಸವನ್ನು ಆರಂಭಿಸಿದರು. ಕುಂಚ ಹಿಡಿದು ಮೃದುವಾಗಿದ್ದ ಬೆರಳುಗಳು ತಂತಿಯ ಮೇಲೆ ಓಡಾಡತೊಡಗಿದವು. ಗಂಟೆಗಟ್ಟಲೆ ಸಾಧನೆ ನಡೆಯಿತು. ಚಿತ್ರರಚನೆ ಹಿಂದೆ ಬಿದ್ದಿತು. ಅವರ ಕಲೆಯನ್ನು ಮೆಚ್ಚಿದ್ದವರಿಗೆ ಇದು ಕಳವಳದ ವಿಷಯವಾದುದು ಸಹಜ. ತಮ್ಮನ್ನು ಹಿಡಿದ ಈ ಹುಚ್ಚನ್ನು ವೆಂಕಟಪ್ಪನವರು ಮರೆಮಾಚಲಿಲ್ಲ. ವೀಣೆಯ ಮರುಳಿನಲ್ಲಿ ಮುಳುಗಿದ ತಮ್ಮನ್ನೇ ವಸ್ತುವಾಗಿಸಿಕೊಂಡು ಚಿತ್ರವೊಂದನ್ನು ಬರೆದರು. ತನ್ನ ಒಳತೋಟಿಯನ್ನು ಹೀಗೆ ಮುಚ್ಚುಮರೆಯಿಲ್ಲದೆ ಚಿತ್ರಿಸಲು ಎಷ್ಟು ಪ್ರಾಮಾಣಿಕತೆ ಬೇಕು! ಕಲಿತ ವಿದ್ಯೆಗೂ ಕಲಿಯಬೇಕಾದ ವಿದ್ಯೆಗೂ ನಡುವೆ ಎಳೆದಾಡಿದ ಜೀವದ ನೋವನ್ನು ಆ ಚಿತ್ರದಲ್ಲಿ ಕಾಣಬಹುದು.

ಇನ್ನು ಅವರ ಉಬ್ಬುಚಿತ್ರಗಳ ವಿಷಯಕ್ಕೆ ಬರೋಣ. ಗೀರುಚಿತ್ರದ ಹುಡುಗಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ಇದನ್ನೇ. ಕುಂಚದಿಂದ ಭಾರತದಲ್ಲೆಲ್ಲ ಹೆಸರು ಪಡೆದ ಮೇಲೆ ವೆಂಕಟಪ್ಪನವರು ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ವಸ್ತುವನ್ನು ಕೈಗೆತ್ತಿಕೊಂಡರು. ಇಲ್ಲಿ ಬಣ್ಣವೇ ಇಲ್ಲ. ಇರುವುದು ಬಿಳುಪೊಂದೇ.

ಈ ವಸ್ತುವಿನ ಗುಣವನ್ನು ಸ್ವಲ್ಪ ತಿಳಿಯಬೇಕು. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅದರಲ್ಲಿ ಅಡಗಿರುವ ನೀರಿನ ಮುಕ್ಕಾಲು ಪಾಲು ಆವಿಯಾಗಿ ಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಈ ಪುಡಿಗೆ ಮತ್ತೆ ನೀರು ಬೆರೆಸಿದರೆ, ಕಳೆದುಕೊಂಡ ನೀರನ್ನು ಮರಳಿ ಪಡೆದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆಗ ಅದು ಕೈಗೆ ಬಿಸಿಯಾಗಿ ತಾಗುತ್ತದೆ, ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗುವುದರಿಂದಲೇ ಅಚ್ಚಿನ ಸಣ್ಣ ಸಣ್ಣ ಗೀರುಗಳೊಳಕ್ಕೂ ನುಗ್ಗಿ, ಅವುಗಳ ರೂಪವನ್ನು ತಪ್ಪದೆ ತಾಳುತ್ತದೆ. ಕಲಸಿದ ಮೇಲೆ ಅದು ಯಾರಿಗಾಗಿಯೂ ಕಾಯುವುದಿಲ್ಲ. ಬಣ್ಣವನ್ನು ನಾಳೆ ನೆನೆಸಿ ತಿದ್ದಬಹುದು. ಗಟ್ಟಿಯಾದ ಪ್ಲಾಸ್ಟರಿನಿಂದ ಒಮ್ಮೆ ಕೆರೆದು ತೆಗೆದುದನ್ನು ಮೊದಲಿನಂತೆ ಮರಳಿಸುವುದು ಸುಲಭವಲ್ಲ.

ಪ್ಲಾಸ್ಟರಿನ ಉಬ್ಬುಚಿತ್ರದಲ್ಲಿ ತಗ್ಗಾಗಿ ಕೊರೆದು ಉಬ್ಬನ್ನು ಪಡೆಯುವ ಒಂದು ಕ್ರಮವುಂಟು. ಚಪ್ಪಟೆಯ ಫಲಕದಲ್ಲಿ ಆಕೃತಿಯನ್ನು ಒಳಕ್ಕೆ ಕೊರೆದು, ಅದರೊಳಕ್ಕೆ ಮತ್ತೆ ಪ್ಲಾಸ್ಟರನ್ನು ಹೊಯ್ದು ತೆಗೆದರೆ, ತಗ್ಗೆಲ್ಲ ಉಬ್ಬಾಗಿ ಹೊರಬರುತ್ತದೆ. ಇಲ್ಲಿ ಕಲಾವಿದ ಮೂಗನ್ನು ಗುಳಿಯಾಗಿಯೂ ಎಡವನ್ನು ಬಲವಾಗಿಯೂ ಕಲ್ಪಿಸಿಕೊಂಡು ಕೆಲಸ ಮಾಡಬೇಕು. ಕಪ್ಪು ಹಲಗೆಯ ಮೇಲೆ ಬೆಳಕನ್ನು ಗೀರುವವನಿಗೆ ಎಲ್ಲವೂ ತಲೆಕೆಳಗಾಗುವಂತೆ, ಇಲ್ಲಿಯೂ ಎಲ್ಲವೂ ತಿರುಗುಮುರುಗು. ಉಬ್ಬುಚಿತ್ರದ ಇನ್ನೊಂದು ಕಷ್ಟವೆಂದರೆ ಅದರ ಆಳ ಬಹು ಕಡಿಮೆ. ಹಿಂದಿರುವ ಮರ, ಮುಂದಿರುವ ಮನುಷ್ಯ, ನಡುವಿನ ಮಂಟಪ, ಇವೆಲ್ಲವನ್ನೂ ಬೆರಳಿನಷ್ಟು ದಪ್ಪದೊಳಗೆ ಅಡಗಿಸಿ ತೋರಿಸಬೇಕು. ನೆರಳನ್ನು ಯಾವ ಬಣ್ಣದಿಂದಲೂ ಬರೆಯುವಂತಿಲ್ಲ. ಕಿಟಕಿಯಿಂದ ಬರುವ ಬೆಳಕೇ ಬಂದು ನೆರಳನ್ನು ಬರೆಯಬೇಕು. ಉಬ್ಬು ಹೆಚ್ಚಾದರೆ ನೆರಳು ಒರಟಾಗುತ್ತದೆ, ಕಡಿಮೆಯಾದರೆ ಆಕೃತಿ ಮುಳುಗಿಹೋಗುತ್ತದೆ.

ಇಂಥ ಮಾಧ್ಯಮದಲ್ಲಿ ವೆಂಕಟಪ್ಪನವರು ಶಿವತಾಂಡವ, ಶಕುಂತಲೆಯ ಕಥೆ ಮೊದಲಾದ ವಿಷಯಗಳನ್ನು ರೂಪಿಸಿದರು. ಮೈಸೂರು ಅರಮನೆಗಾಗಿ ಉಬ್ಬುಚಿತ್ರದ ಫಲಕಗಳನ್ನು ಮಾಡುವ ಹೊಣೆಯನ್ನು ನಾಲ್ವಡಿಯವರು ಅವರಿಗೆ ವಹಿಸಿದರು. ಬಾಲ್ಯದಲ್ಲಿ ಸಫೇದದ ಲೇಪದಿಂದ ದೇವರ ಒಡವೆಯನ್ನು ಉಬ್ಬಿಸುತ್ತಿದ್ದ ಮನೆತನದ ವಿದ್ಯೆ ಈಗ ಹೊಸ ವಸ್ತುವಿನಲ್ಲಿ ಹೊಸ ಹುಟ್ಟನ್ನು ಪಡೆಯಿತು. ಕಲ್ಕತ್ತೆಯಲ್ಲಿ ಕಲಿತ ಮೃದುತ್ವ ಅದಕ್ಕೆ ಬೆರೆಯಿತು. ದಂತದ ಬಿಲ್ಲೆಯ ಮೇಲೆ ಪಳಗಿದ ಕೈಯ ತಾಳ್ಮೆ ಜೊತೆಗೂಡಿತು. ಹಿಂದೆ ಕಲಿತುದನ್ನೆಲ್ಲ ಬಿಟ್ಟು ಹೊಸದಕ್ಕೆ ಹೋದಂತೆ ಕಂಡರೂ, ಕಲಿತ ಯಾವುದೂ ವ್ಯರ್ಥವಾಗಲಿಲ್ಲ. ಮಲೆನಾಡಿನ ಹಳ್ಳಗಳೆಲ್ಲ ಹರಿದು ಒಂದೇ ಹೊಳೆಯನ್ನು ಸೇರುವಂತೆ, ಅವರ ಹಿಂದಿನ ಸಾಧನೆಗಳೆಲ್ಲ ಆ ಬಿಳಿಯ ಫಲಕಗಳಲ್ಲಿ ಬಂದು ನೆಲೆಸಿದವು. ಬಣ್ಣಗಳ ಬಲ್ಲವರಾದ ಅವರು ಶಿಲ್ಪಿಯೂ ಆದರು. ವರ್ಣಶಿಲ್ಪಿ ಎಂದು ನಾಡು ಅವರನ್ನು ಕರೆದುದು ಸಾರ್ಥಕವಾದ ಮಾತು.

ಆದರೆ ವಿಧಿಯ ಆಟವೇ ಬೇರೆಯಾಗಿತ್ತು. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ವೆಂಕಟಪ್ಪನವರ ಪಾಲಿಗೆ ಅದು ಆಶ್ರಯದ ಮರವೇ ಉರುಳಿದಂತಾಯಿತು. ಅವರು ನೆಚ್ಚಿದ್ದ ಅರಮನೆಯ ಕೆಲಸ ಮುಂದುವರಿಯಲಿಲ್ಲ. ಸಂಭಾವನೆಯ ವಿಚಾರವಾಗಿ ವಿವಾದ ಹುಟ್ಟಿ ಅದು ನ್ಯಾಯಾಲಯದವರೆಗೂ ಹೋಯಿತು. ಆಶ್ರಯ ಕೊಟ್ಟ ಅರಮನೆಯ ಎದುರಿಗೇ ಒಬ್ಬ ಕಲಾವಿದ ನ್ಯಾಯ ಕೇಳಿ ನಿಲ್ಲುವುದು ಆ ಕಾಲದಲ್ಲಿ ಯಾರೂ ಊಹಿಸದ ಸಂಗತಿ. ಕಲಾವಿದನ ಶ್ರಮ ದೊರೆಯ ದಾನವನ್ನು ಕಾಯುವ ಭಿಕ್ಷಾಪಾತ್ರೆಯಲ್ಲ, ಅದಕ್ಕೆ ತಕ್ಕ ಬೆಲೆಯುಂಟು ಎಂಬ ನಂಬಿಕೆ ಅವರಲ್ಲಿ ದೃಢವಾಗಿತ್ತು. ಆ ನಂಬಿಕೆಗಾಗಿ ಅವರು ಬಹಳ ಕಷ್ಟಪಟ್ಟರು. ಮನಸ್ಸಿನ ನೆಮ್ಮದಿಯನ್ನೂ ಕಳೆದುಕೊಂಡರು.

ಕೊನೆಯ ವರ್ಷಗಳನ್ನು ವೆಂಕಟಪ್ಪನವರು ಬೆಂಗಳೂರಿನಲ್ಲಿ ಕಳೆದರು. ಜನಸಂಪರ್ಕ ಕಡಿಮೆಯಾಯಿತು. ಚಿತ್ರಗಳನ್ನು ಮಾರುವುದರಲ್ಲಿ ಅವರಿಗೆ ಎಂದೂ ಆತುರವಿರಲಿಲ್ಲವಾದುದರಿಂದ ಅವರ ಕೃತಿಗಳಲ್ಲಿ ಹಲವು ಅವರ ಬಳಿಯೇ ಉಳಿದಿದ್ದವು. ಸ್ವತಂತ್ರ ಭಾರತದ ಲಲಿತಕಲಾ ಅಕಾಡೆಮಿ ಅವರನ್ನು ತನ್ನ ಫೆಲೋ ಆಗಿ ಆರಿಸಿ ಗೌರವಿಸಿತು. 1965ರಲ್ಲಿ ಅವರು ಕೊನೆಯುಸಿರೆಳೆದರು.

ಅವರ ಮರಣಾನಂತರ ನಾಡು ಅವರನ್ನು ಮರೆಯಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ, ಅವರ ಹೆಸರಿನ ಕಲಾಗ್ಯಾಲರಿ 1970ರ ದಶಕದಲ್ಲಿ ರೂಪುಗೊಂಡಿತು. ಅವರ ನೀರುಬಣ್ಣದ ಚಿತ್ರಗಳೂ ಪ್ಲಾಸ್ಟರಿನ ಉಬ್ಬುಚಿತ್ರಗಳೂ ಅದರ ಸಂಗ್ರಹಕ್ಕೆ ಸೇರಿವೆ. ನಾಡಿನ ಹಿರಿಯ ಚಿತ್ರಕಲಾವಿದರಿಗೆ ನೀಡಲೆಂದು ಕರ್ನಾಟಕ ಸರಕಾರ ಸ್ಥಾಪಿಸಿದ ಪ್ರಶಸ್ತಿಗೂ ವರ್ಣಶಿಲ್ಪಿ ವೆಂಕಟಪ್ಪನವರ ಹೆಸರನ್ನೇ ಇಡಲಾಗಿದೆ.

ವೆಂಕಟಪ್ಪನವರ ಬಾಳಿನಲ್ಲಿ ಸೋಲುಗಳು ಇರಲಿಲ್ಲವೆಂದಲ್ಲ. ಹೊಸ ಮಾಧ್ಯಮಕ್ಕೆ ಕೈಹಾಕಿದಾಗಲೆಲ್ಲ ಹಳೆಯ ಕೀರ್ತಿಯ ಒಂದು ಪಾಲನ್ನು ಅವರು ಪಣಕ್ಕೆ ಒಡ್ಡಬೇಕಾಯಿತು. ವೀಣೆಗಾಗಿ ಕಳೆದ ಗಂಟೆಗಳಲ್ಲಿ ಎಷ್ಟು ಚಿತ್ರಗಳು ಹುಟ್ಟದೆ ಹೋದವೋ! ಪ್ಲಾಸ್ಟರಿಗಾಗಿ ಪಟ್ಟ ಶ್ರಮಕ್ಕೆ ತಕ್ಕ ಪ್ರತಿಫಲವೂ ದೊರೆಯಲಿಲ್ಲ. ಲಾಭನಷ್ಟಗಳ ತಕ್ಕಡಿಯಲ್ಲಿ ತೂಗುವವರಿಗೆ ಇದು ಅವಿವೇಕವಾಗಿ ಕಂಡೀತು. ಆದರೆ ವಿದ್ಯೆಯೆಂಬುದು ನಿಂತ ನೀರಾಗಬಾರದು. ಬಲ್ಲುದನ್ನೇ ಮತ್ತೆ ಮತ್ತೆ ಮಾಡುವವನ ಕೈ ಚುರುಕಾಗಿಯೇ ಇದ್ದರೂ ಕಣ್ಣು ಮಂದವಾಗುತ್ತದೆ. ಬಾರದುದರ ಮುಂದೆ ವಿನಯದಿಂದ ಕುಳಿತವನ ಕೈ ಮೊದಲು ನಡುಗಿದರೂ ಅವನ ಕಣ್ಣು ತೆರೆಯುತ್ತದೆ. ಹೊಸ ಹಲಗೆಯ ಮುಂದೆ ಮಹಾಕಲಾವಿದನೂ ಬಾಲಕನೇ. ಹಾಗೆ ಬಾಲಕನಾಗಲು ಅಂಜದಿದ್ದುದರಲ್ಲಿಯೇ ವೆಂಕಟಪ್ಪನವರ ಹಿರಿಮೆ ಅಡಗಿದೆ.

ಅಂದು ತರಗತಿಯಲ್ಲಿ ನಾನು ಈ ಕಥೆಯನ್ನು ಹೇಳಿ ಮುಗಿಸುವ ಹೊತ್ತಿಗೆ ಮುಂದಿನ ಪಾಠದ ಗಂಟೆ ಹೊಡೆಯಿತು. ಹುಡುಗಿ ಏನೂ ಹೇಳಲಿಲ್ಲ. ಮಾರನೆಯ ವಾರ ಡ್ರಾಯಿಂಗ್ ಮೇಷ್ಟರು ಅವಳ ಹಾಳೆಯನ್ನು ತಂದು ನನಗೆ ತೋರಿಸಿದರು. ಕೊಕ್ಕರೆಯ ಕೊಕ್ಕಿನಿಂದ ಜಾರಿಹೋಗಿದ್ದ ಆ ಗೆರೆಯ ಪಕ್ಕದಲ್ಲಿ ಅವಳು ಇನ್ನೂ ಹತ್ತಾರು ಗೆರೆಗಳನ್ನು ಗೀರಿದ್ದಳು. ತಪ್ಪಿದ ಗೆರೆ ಈಗ ಕೆರೆಯಂಚಿನ ಜೊಂಡಿನ ಎಲೆಗಳಲ್ಲಿ ಒಂದಾಗಿ, ಗಾಳಿಗೆ ಬಾಗಿ ನಿಂತಿತ್ತು. ಅದು ಯಾವ ಗೆರೆಯೆಂದು ನನಗೂ ತಟ್ಟನೆ ಗುರುತಿಸಲಾಗಲಿಲ್ಲ.